ಒಡೆದರೂ ಎಸೆಯಬಾರದು

ಕಳೆದುಹೋದ ವಸ್ತುಗಳ ಕಚೇರಿ ರೈಲು ನಿಲ್ದಾಣದ ನೆಲಮಾಳಿಗೆಯಲ್ಲಿತ್ತು. ಹದಿನಾಲ್ಕು ಮೆಟ್ಟಿಲು ಇಳಿದರೆ ಉದ್ದನೆಯ ಮರದ ಕೌಂಟರು, ಅದರ ಹಿಂದೆ ಕಬ್ಬಿಣದ ಕಪಾಟುಗಳ ಸಾಲು, ಮೇಲೆ ರೈಲು ಹೋದಾಗಲೆಲ್ಲ ಸಣ್ಣಗೆ ನಡುಗುವ ಟ್ಯೂಬ್‌ಲೈಟು. ಕಪಾಟುಗಳಲ್ಲಿ ಛತ್ರಿಗಳು, ಕನ್ನಡಕಗಳು, ಫೋನುಗಳು, ಊರುಗೋಲುಗಳು, ಎರಡು ಜೊತೆ ಕಟ್ಟಿಸಿದ ಹಲ್ಲು, ಒಂದು ಪಿಟೀಲು. ಜನ ಏನೇನೆಲ್ಲ ಮರೆತು ಇಳಿದುಹೋಗುತ್ತಾರೆ ಎಂದು ನೋಡಿದವರಿಗೆ, ತಲೆಯೊಂದು ಕುತ್ತಿಗೆಗೆ ಅಂಟಿಕೊಂಡಿರುವುದೇ ಪುಣ್ಯ ಅನಿಸುತ್ತಿತ್ತು.

ಅಲ್ಲಿಗೆ ಒಂದು ಸೋಮವಾರ ಮೂವತ್ತನಾಲ್ಕರ ಹೆಂಗಸೊಬ್ಬಳು ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ಇಳಿದು ಬಂದಳು. ಆ ಮಾರ್ಗದ ಇಪ್ಪತ್ತೆರಡು ನಿಲ್ದಾಣಗಳಲ್ಲೂ ಇಂಥದೇ ಕಚೇರಿಗಳಿದ್ದವು. ಎಲ್ಲವೂ ಸೇರಿ ಒಂದೇ ಪಟ್ಟಿ ಇಟ್ಟುಕೊಳ್ಳಬೇಕು, ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸಿಕ್ಕರೆ ತಕ್ಷಣ ಗೊತ್ತಾಗಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರು. ಒಂದೊಂದು ವಸ್ತುವಿನ ವಿವರವನ್ನೂ ಎಕ್ಸ್‌ಎಂಎಲ್ ದಾಖಲೆಯಾಗಿ ಬರೆಯಬೇಕಿತ್ತು. ಹೆಸರು ಕೇಳಿ ಹೆದರುವಂಥದ್ದೇನಿಲ್ಲ. ಒಂದೊಂದು ಸಂಗತಿಯನ್ನೂ ಅದರದೇ ಹೆಸರು ಅಂಟಿಸಿದ ಡಬ್ಬಿಯಲ್ಲಿಟ್ಟು ಮುಚ್ಚಳ ಮುಚ್ಚುವುದು, ಅಷ್ಟೇ. ‘ಬಣ್ಣ’ ಎಂಬ ಡಬ್ಬಿಯಲ್ಲಿ ಕಪ್ಪು, ‘ಸಿಕ್ಕಿದ ಜಾಗ’ ಎಂಬ ಡಬ್ಬಿಯಲ್ಲಿ ಮೂರನೇ ಬೋಗಿ, ಇವೆಲ್ಲವನ್ನೂ ಒಳಗಿಟ್ಟುಕೊಂಡ ದೊಡ್ಡ ಡಬ್ಬಿ ‘ವಸ್ತು’. ಯಾವ ವಸ್ತುವಿಗೆ ಯಾವ ಡಬ್ಬಿ ಇರಲೇಬೇಕು, ಯಾವುದು ಇರಲೇಬಾರದು ಎಂಬ ಚೌಕಟ್ಟನ್ನು ಬರೆಯುವುದು ಈ ಹೆಂಗಸಿನ ಕೆಲಸ. ಚೌಕಟ್ಟಿಗೆ ಹೊಂದದ ದಾಖಲೆಯನ್ನು ಯಂತ್ರ ಬಾಗಿಲಲ್ಲೇ ತಡೆದು ಕೆಂಪು ಗುರುತು ತೋರಿಸುತ್ತದೆ, ಹೊಂದಿದ್ದಕ್ಕೆ ಹಸಿರು.

ಮೊದಲ ದಿನ ಇದನ್ನು ವಿವರಿಸುವಾಗ ಅವಳು ‘ಚೌಕಟ್ಟು’ ಎಂಬ ಪದವನ್ನು ಹನ್ನೊಂದು ಸಲ ಹೇಳಿದಳು. ಸಂಜೆಯ ಚಹಾದ ಹೊತ್ತಿಗೆ ಅವಳ ಹೆಸರೇ ಚೌಕಟ್ಟಮ್ಮ ಎಂದಾಗಿತ್ತು.

ಹೆಸರಿಟ್ಟವರು ದೊಡ್ಡಮ್ಮ. ಅವರು ಯಾರ ದೊಡ್ಡಮ್ಮನೂ ಅಲ್ಲ. ಮೂವತ್ತೊಂದು ವರ್ಷ ಅದೇ ಕೌಂಟರಿನ ಹಿಂದೆ ಕೂತು ಕೂತು ಎಲ್ಲರಿಗೂ ದೊಡ್ಡಮ್ಮನಾದವರು. ದುಂಡನೆಯ ಮೈ, ದಾರದಲ್ಲಿ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಕನ್ನಡಕ, ಕಚೇರಿಯ ನಿಯಮವೆಲ್ಲ ತಲೆಯೊಳಗೆ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

“ನಿಯಮಗಳನ್ನೆಲ್ಲ ಒಂದೊಂದಾಗಿ ಹೇಳಿಬಿಡಿ ದೊಡ್ಡಮ್ಮ, ಬರ್ಕೊಳ್ತೀನಿ” ಎಂದು ಚೌಕಟ್ಟಮ್ಮ ಪುಸ್ತಕ ತೆರೆದಳು.

“ಮೂವತ್ತೊಂದು ವರ್ಷದಿಂದ ಈ ತಲೆ ತುಂಬಿಸಿದ್ದೀನಿ. ನೀನು ಬಂದ ದಿನವೇ ಬಗ್ಗಿಸಿಕೊಂಡು ಹೋಗ್ತೀಯಾ?” ಎಂದರು ದೊಡ್ಡಮ್ಮ. “ಓದಿದವಳಲ್ವಾ, ನೀನೇ ಬರಿ. ನಾವು ನೋಡ್ತೀವಿ.”

ಕಚೇರಿಯ ಮೇಲ್ವಿಚಾರಕರು ಒಳಗಿನ ಕೋಣೆಯಿಂದ ಇದನ್ನು ಕೇಳಿಯೂ ಕೇಳದವರಂತೆ ಇದ್ದರು. ಕಡ್ಡಿಯಂಥ ಎತ್ತರದ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ಅಂಗಿಯ ಇಸ್ತ್ರಿ ಮುರಿದದ್ದನ್ನಾಗಲಿ ಮುಖದಲ್ಲಿ ನಗು ಮೂಡಿದ್ದನ್ನಾಗಲಿ ಯಾರೂ ಕಂಡಿರಲಿಲ್ಲ. ದಾಖಲೆ ಹೇಳಿದ್ದನ್ನು ಮಾಡುವುದು, ಹೇಳದ್ದನ್ನು ಮಾಡದಿರುವುದು ಅವರ ಬದುಕಿನ ದಾರಿ.

ಚೌಕಟ್ಟಮ್ಮ ತಾನೇ ಬರೆದಳು. ಏನೂ ತಪ್ಪಿಹೋಗಬಾರದೆಂದು ಇಪ್ಪತ್ತಾರು ಡಬ್ಬಿಗಳನ್ನು ಮಾಡಿ, ಇಪ್ಪತ್ತಾರೂ ಕಡ್ಡಾಯ ಎಂದಳು. ಮರುದಿನ ಬೆಳಿಗ್ಗೆ ಒಂದು ಛತ್ರಿ ಬಂತು. ದೊಡ್ಡಮ್ಮ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ, ಮೆಟ್ಟಿಲ ತನಕ ನಿಂತ ಸಾಲಿಗೆಲ್ಲ ಕೇಳುವ ಹಾಗೆ ಓದತೊಡಗಿದರು: “ವಸ್ತು: ಛತ್ರಿ. ಬ್ಯಾಟರಿ: ಇಲ್ಲ. ಹಲ್ಲುಗಳ ಸಂಖ್ಯೆ: ಇಲ್ಲ. ಪಿಟೀಲಿನ ತಂತಿಗಳ ಸಂಖ್ಯೆ: ಇಲ್ಲ. ಛತ್ರಿಯ ಫೋನ್ ನಂಬರು... ಏನಮ್ಮಾ ಚೌಕಟ್ಟಮ್ಮ, ಇದಕ್ಕೆ ಫೋನ್ ಮಾಡಿ ಕೇಳಲಾ, ನಿನ್ನ ನಂಬರೇನಪ್ಪಾ ಅಂತ?”

ಸಾಲು ನಕ್ಕಿತು. ಚೌಕಟ್ಟಮ್ಮನ ಕಿವಿ ಬಿಸಿಯಾಯಿತು.

ಅಂದು ಸಂಜೆಯೇ ಅವಳು ಕಡ್ಡಾಯವನ್ನೆಲ್ಲ ಕಿತ್ತುಹಾಕಿ, ಎಲ್ಲ ಡಬ್ಬಿಗಳೂ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ತಿದ್ದಿದಳು. ಬೀಳುವವನಿಗೆ ಎಡಕ್ಕಾದರೇನು, ಬಲಕ್ಕಾದರೇನು! ಈಗ ಯಂತ್ರ ಎಲ್ಲದಕ್ಕೂ ತಲೆಯಾಡಿಸತೊಡಗಿತು. ಎರಡು ದಿನ ಬಿಟ್ಟು ಮೇಲ್ವಿಚಾರಕರು ಒಂದು ಹಾಳೆ ಹಿಡಿದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು ಓದಿದರು.

“‘ಬ್ರೆಡ್ಡು. ಬಣ್ಣ ಕಂದು. ಬ್ಯಾಟರಿ ಎರಡು. ಮಡಚುವಾಗ ಗುಂಡಿ ಒತ್ತಬೇಕು.’ ಇನ್ನೊಂದಿದೆ. ‘ವಸ್ತು.’ ಅಷ್ಟೇ. ಬರೀ ‘ವಸ್ತು’. ಒಳಗೆ ಏನೂ ಇಲ್ಲ.” ಅವರು ಹಾಳೆಯನ್ನು ನಾಲ್ಕಾಗಿ ಮಡಚಿದರು. “ಇದನ್ನ ಹುಡುಕಿಕೊಂಡು ಯಾರಾದ್ರೂ ಬಂದ್ರೆ ಏನು ಕೊಡಲಿ?”

ಚೌಕಟ್ಟಮ್ಮ ಮನೆಗೆ ಬಂದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಬಿಟ್ಟು ಅತ್ತೆಯ ಎದುರು ಸ್ಟೂಲಿನ ಮೇಲೆ ಕೂತಳು. ಗಂಡ ಬಸ್ಸಿನ ಚಾಲಕ. ಆ ವಾರ ಅವನಿಗೆ ಸಂಜೆಯ ಪಾಳಿ. ಅತ್ತೆ ದರ್ಜಿ. ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ ಯಂತ್ರ, ಗೋಡೆಗೆ ಗಿರಾಕಿಗಳ ಅಳತೆ ಬರೆದ ಚೀಟಿಗಳ ಗೊಂಚಲು. ಸೊಸೆಯ ಕಷ್ಟವನ್ನೆಲ್ಲ ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿಸಿಕೊಂಡರು.

“ಅಲ್ವೇ, ನಾನು ಹೊಲಿಗೆಗೆ ಬಂದವರನ್ನ ಮೊದಲು ಏನು ಕೇಳ್ತೀನಿ ಹೇಳು?”

“ಅಳತೆ.”

“ಅಳತೆ ಆಮೇಲೆ. ಮೊದಲು ಕೇಳೋದು, ಏನು ಹೊಲೀಬೇಕು ಅಂತ. ಅಂಗಿ ಆದ್ರೆ ಕಾಲರ್ ಅಳತೆ ಬೇಕು. ಲಂಗ ಆದ್ರೆ ಕಾಲರ್ ಯಾಕೆ? ಅಂಗಿ ಆದ್ರೂ, ಅರ್ಧ ತೋಳು ಅಂದ್ರೆ ಮಣಿಕಟ್ಟಿನ ಅಳತೆ ತಗೊಳ್ಳಲ್ಲ. ಮೊದಲನೇ ಮಾತಿನ ಮೇಲೆ ಮುಂದಿನ ಮಾತು. ನೀನು ಎಲ್ಲರ ಕುತ್ತಿಗೆಗೂ ಟೇಪು ಸುತ್ತೋಕೆ ಹೋಗಿದ್ದೀಯ.” ಅವರು ಗುಂಡುಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದರು. “ಅತ್ತೆಗೆ ಮೀಸೆ ಬಂದ್ರೆ ಮಾವ ಅನ್ನಬಹುದು. ಮೀಸೆ ಬಂದ್ರೆ! ಬರದೇ ಇರೋಳನ್ನ ಹಿಡ್ಕೊಂಡು, ಮೀಸೆ ಎಷ್ಟುದ್ದ ಬರೀ ಅಂದ್ರೆ ನಾನೇನು ಮಾಡಲಿ?”

ಚೌಕಟ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. ಷರತ್ತಿನ ರಚನೆ ಅವಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ‘ವಿಧ’ ಎಂಬ ಒಂದು ಡಬ್ಬಿಯನ್ನು ನೋಡಿ, ಅದರಲ್ಲಿ ಏನಿದೆಯೋ ಅದರಂತೆ ಉಳಿದ ಡಬ್ಬಿಗಳನ್ನು ಬೇಕು ಅಥವಾ ಬೇಡ ಎನ್ನುವ ಹಾಗೆ ಬರೆಯಲು ಬರುತ್ತಿತ್ತು. ಗೊತ್ತಿಲ್ಲದಿದ್ದುದು ಷರತ್ತುಗಳೇ. ಅವು ಇದ್ದದ್ದು ಒಬ್ಬರ ತಲೆಯಲ್ಲಿ.

ಮರುದಿನ ಅವಳು ಪುಸ್ತಕ ಮುಚ್ಚಿಟ್ಟು ದೊಡ್ಡಮ್ಮನ ಹತ್ತಿರ ಹೋದಳು. “ನನಗೆ ಬರೆಯೋಕೆ ಬರುತ್ತೆ, ಕೆಲಸ ಬರಲ್ಲ. ಕಲಿಸಿ” ಎಂದಳು.

ದೊಡ್ಡಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಎರಡು ವಾರ ನನ್ನ ಪಕ್ಕ ಕೌಂಟರಿಗೆ ಕೂತ್ಕೋ. ಬಾಯಿ ಮುಚ್ಚಿ, ಕಿವಿ ತೆರೆದು.”

ಅವಳು ಕೂತಳು. ಕೂತ ಮೇಲೆ ತಿಳಿಯಿತು, ಈ ಹೆಂಗಸು ಮಾತಾಡುವುದೇ ‘ಬಂದರೆ’, ‘ಆದರೆ’ಗಳ ‘ರೆ’ಯಲ್ಲಿ. ಊರುಗೋಲು ಕಳೆದುಕೊಂಡ ಅಜ್ಜ ಬಂದರೆ, “ಬಣ್ಣ ಬಿಡಿ, ಯಾವ ಕೈಯಲ್ಲಿ ಹಿಡೀತೀರಿ?” ಎಂದು ಕೇಳುತ್ತಿದ್ದರು, ಊರುಗೋಲಾದರೆ ಹಿಡಿಕೆ ಸವೆದ ಕಡೆಯನ್ನು ನೋಡಬೇಕಂತೆ. ಫೋನಾದರೆ ಬಣ್ಣ ಕೇಳಿ ಫಲವಿಲ್ಲ, ಎಲ್ಲವೂ ಕರಿ. ಪರದೆಯ ಮೇಲೆ ಯಾರ ಚಿತ್ರ ಎಂದು ಕೇಳಬೇಕು. ಕೈಗವಸಾದರೆ ಎಡವೋ ಬಲವೋ. ಪುಸ್ತಕವಾದರೆ ಎಷ್ಟನೇ ಪುಟದವರೆಗೆ ಓದಿದ್ದಿರಿ, ನಡುವೆ ಏನು ಸಿಕ್ಕಿಸಿದ್ದಿರಿ.

“ಆಟಿಕೆ ಆದ್ರೆ ಮಗುವನ್ನ ಕೇಳು, ಅಪ್ಪನ್ನ ಕೇಳಬೇಡ” ಎಂದರು ಒಂದು ದಿನ, ಕಿವಿ ಕಿತ್ತ ಬಟ್ಟೆಯ ಕರಡಿಯೊಂದನ್ನು ಕೊಟ್ಟು ಕಳಿಸಿದ ಮೇಲೆ. “ಅಪ್ಪನಿಗೆ ಕರಡಿ ಅಷ್ಟೇ ಗೊತ್ತು. ಅದಕ್ಕೆ ಹೊಟ್ಟೆನೋವು ಇರೋದು ಮಗುವಿಗೆ ಮಾತ್ರ ಗೊತ್ತು.”

ಚೌಕಟ್ಟಮ್ಮ ಅಂದೇ ಬರೆದಳು: ವಿಧ ‘ಆಟಿಕೆ’ ಆದರೆ, ‘ಮಗು ಹೇಳಿದ್ದು’ ಎಂಬ ಡಬ್ಬಿ ಕಡ್ಡಾಯ, ‘ಮಾಲೀಕರ ಸಹಿ’ ಇರಬಾರದು. ಅದನ್ನು ಓದಿ ತೋರಿಸಿದಾಗ ದೊಡ್ಡಮ್ಮ ಮೊದಲ ಸಲ ತಮ್ಮ ಚಹಾದ ಲೋಟವನ್ನು ಅವಳ ಕಡೆಗೆ ತಳ್ಳಿದರು. “ಕುಡಿ. ಸಕ್ಕರೆ ಸರಿಯಾಗಿದೆ.”

ಎರಡು ವಾರ ಎಂದದ್ದು ಐದು ವಾರವಾಯಿತು. ಕೊನೆಗೆ ಎಣಿಸಿದರೆ ನಲವತ್ತೊಂದು ‘ರೆ’ಗಳು. ಅವುಗಳಲ್ಲಿ ತಿನ್ನುವ ವಸ್ತುವಿನದು ಬಲು ಸರಳ: ವಿಧ ‘ಆಹಾರ’ ಆದರೆ ‘ವಿಲೇವಾರಿ ಸಮಯ’ ಕಡ್ಡಾಯ, ಮರುದಿನ ಬೆಳಿಗ್ಗೆ ಹತ್ತು ಗಂಟೆ ಮೀರಬಾರದು. ಬೆಕ್ಕು, ಗಿಳಿಗಳಿಗೂ ಒಂದಿತ್ತು: ವಿಧ ‘ಜೀವಿ’ ಆದರೆ ಕಪಾಟಿನ ಸಂಖ್ಯೆ ಇರಬಾರದು, ಜಾತಿ, ಬಣ್ಣ, ಆಹಾರ, ನೋಡಿಕೊಳ್ಳುವ ನೌಕರರ ಗುರುತಿನ ಸಂಖ್ಯೆ, ಇವೆಲ್ಲ ಇರಲೇಬೇಕು.

ಸಾಲು ಈಗ ಮೆಟ್ಟಿಲು ಏರುತ್ತಿರಲಿಲ್ಲ. ಛತ್ರಿಗೆ ನಾಲ್ಕೇ ಪ್ರಶ್ನೆ. ಬ್ರೆಡ್ಡಿಗೆ ಬ್ಯಾಟರಿ ಹಾಕಿದರೆ ಯಂತ್ರ ಕೆಂಪಗೆ ಕಣ್ಣುಬಿಡುತ್ತಿತ್ತು. ಇಪ್ಪತ್ತೆರಡು ನಿಲ್ದಾಣಗಳಲ್ಲೂ ಪ್ರಯೋಗವಾಗಿ ಅದು ಓಡತೊಡಗಿತು. ಒಂದು ಶುಕ್ರವಾರ ದೊಡ್ಡ ಅಧಿಕಾರಿ ತಾವೇ ಬಂದು ನೋಡುತ್ತಾರೆಂದು ಪತ್ರ ಬಂತು.

ಆ ವಾರದ ಬುಧವಾರ ಮಧ್ಯಾಹ್ನ ದೊಡ್ಡಮ್ಮ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಕೌಂಟರಿನಲ್ಲಿ ಚೌಕಟ್ಟಮ್ಮ ಒಬ್ಬಳೇ. ರೈಲಿನ ಗಾರ್ಡು ಒಂದು ಮರದ ಪೆಟ್ಟಿಗೆ ತಂದಿಟ್ಟು, “ಐದನೇ ಬೋಗಿ, ಕಿಟಕಿ ಪಕ್ಕ” ಎಂದು ಹೇಳಿ ಓಡಿದ. ಮುಚ್ಚಳ ತೆಗೆದಳು. ಒಳಗೆ ಒಂಬತ್ತು ಗುಳಿಗಳು, ಒಂದೊಂದರಲ್ಲೂ ಚೂಪು ತುದಿ ಕೆಳಗಾಗಿ ನಿಂತ ಒಂದೊಂದು ಮೊಟ್ಟೆ. ಪೆಟ್ಟಿಗೆ ಬೆಚ್ಚಗಿತ್ತು, ಮೂಲೆಯಲ್ಲಿ ಸಣ್ಣ ಬ್ಯಾಟರಿ ಗುಂಯ್‌ಗುಟ್ಟುತ್ತಿತ್ತು. ಯಾರೋ ಬೇಯಿಸಿದ ಮೊಟ್ಟೆ ಆರದಿರಲೆಂದು ಬಿಸಿಡಬ್ಬಿಯಲ್ಲಿ ಒಯ್ಯುತ್ತಿದ್ದಾರೆ ಎಂದುಕೊಂಡಳು. ವಿಧ: ಆಹಾರ. ಹೆಸರು: ಮೊಟ್ಟೆ. ಎಣಿಕೆ: ಒಂಬತ್ತು. ವಿಲೇವಾರಿ: ನಾಳೆ ಬೆಳಿಗ್ಗೆ ಹತ್ತು. ಯಂತ್ರ ಒಂದು ಕ್ಷಣವೂ ಅನುಮಾನಿಸದೆ ಹಸಿರು ತೋರಿಸಿತು. ಅವಳು ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಆಹಾರದ ಕಪಾಟಿಗೆ ಏರಿಸಿದಳು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ದೊಡ್ಡಮ್ಮ ವಿಲೇವಾರಿಯ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಂತಿದ್ದರು. ಅರ್ಧ ಬ್ರೆಡ್ಡು, ಕಪ್ಪಾದ ಬಾಳೆಹಣ್ಣು, ಆಮೇಲೆ ಈ ಪೆಟ್ಟಿಗೆ. ತೆರೆದವರು ಸ್ತಬ್ಧರಾಗಿ ನಿಂತುಬಿಟ್ಟರು.

“ಚೌಕಟ್ಟಮ್ಮಾ, ಇದರಲ್ಲಿ ಕೈಗಡಿಯಾರ ಏನಾದ್ರೂ ಇಟ್ಟಿದ್ದೀಯಾ?”

“ಇಲ್ವಲ್ಲ.”

“ಹಾಗಾದ್ರೆ ಟಕ್ ಟಕ್ ಅಂತಿರೋದು ಏನು?”

ಇಬ್ಬರೂ ಬಗ್ಗಿದರು. ಟಕ್. ಟಕ್ ಟಕ್. ಒಂದು ಮೊಟ್ಟೆಯ ಅಗಲ ತುದಿಯಲ್ಲಿ ನಕ್ಷತ್ರದಂಥ ಬಿರುಕು. ದೊಡ್ಡಮ್ಮ ಅದನ್ನು ಮೆಲ್ಲಗೆ ಎತ್ತಿ ಅವಳ ಕಿವಿಗೆ ಹಿಡಿದರು. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು.

ಚೌಕಟ್ಟಮ್ಮ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು. ಇನ್ನು ಅರ್ಧ ಗಂಟೆ ಕಳೆದಿದ್ದರೆ ತನ್ನ ಹಸಿರು ಗುರುತಿನೊಂದಿಗೆ ಒಂಬತ್ತು ಜೀವ ಕಸದ ಗಾಡಿಗೆ ಹೋಗುತ್ತಿದ್ದವು.

ಅಷ್ಟರಲ್ಲಿ ಮೇಲ್ವಿಚಾರಕರು ಹೊರಗೆ ಬಂದರು. ವಿಷಯ ಕೇಳಿ ಪಟ್ಟಿಯನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. “ದಾಖಲೇಲಿ ಆಹಾರ ಅಂತಿದೆ. ಹತ್ತು ಗಂಟೆಗೆ ವಿಲೇವಾರಿ ಆಗಬೇಕು. ದಾಖಲೆ ಬದಲಾದ್ರೆ ನನ್ನದೇನೂ ತಕರಾರಿಲ್ಲ.”

“ನಿಮ್ಮ ಹೊಟ್ಟೇಲಿ ಕರುಳಿದೆಯೋ ಕಡತ ಇದೆಯೋ!” ಎಂದರು ದೊಡ್ಡಮ್ಮ.

“ಬದಲಾಯಿಸಿ ಅಂತಲೇ ಹೇಳ್ತಿದ್ದೀನಿ” ಎಂದರು ಅವರು, ಸ್ವಲ್ಪ ಮೆತ್ತಗೆ. “ಇನ್ನೂ ಇಪ್ಪತ್ತೈದು ನಿಮಿಷ ಇದೆ.”

ಚೌಕಟ್ಟಮ್ಮ ಯಂತ್ರದ ಮುಂದೆ ಕೂತಳು. ವಿಧ ‘ಜೀವಿ’ ಎಂದು ತಿದ್ದಿದಳು. ಕೆಂಪು. ಜಾತಿ ಬೇಕು. ಬಣ್ಣ ಬೇಕು. ಏನು ತಿನ್ನುತ್ತದೆಂದು ಬೇಕು.

“ಬಣ್ಣ ಏನು ದೊಡ್ಡಮ್ಮ?”

“ಒಳಗಿರೋರ ಬಣ್ಣ ನನಗೇನು ಗೊತ್ತೇ? ಬಾಗಿಲು ತೆಗೆದ ಮೇಲೆ ತಾನೆ!”

ಸುಳ್ಳು ಬಣ್ಣ ಹಾಕಿ ದಾಟಿಕೊಳ್ಳಬಹುದಿತ್ತು. ಹಾಕಲಿಲ್ಲ. ತಪ್ಪು ಎಲ್ಲಿದೆ ಎಂದು ಈಗ ಅವಳಿಗೆ ಕಂಡಿತ್ತು. ಬಂದ ವಸ್ತು ಬಂದ ಹಾಗೆಯೇ ಇರುತ್ತದೆ ಎಂದು ನಂಬಿ ಅವಳು ಚೌಕಟ್ಟು ಕಟ್ಟಿದ್ದಳು. ಕಪಾಟಿನ ಮೇಲೆ ಕೂತಲ್ಲೇ ಒಂದು ವಸ್ತು ಇನ್ನೊಂದಾಗಬಹುದು ಎಂದು ಛತ್ರಿಗಳು ಅವಳಿಗೆ ಕಲಿಸಿರಲಿಲ್ಲ. ಜೀವಿಗೆ ‘ಸ್ಥಿತಿ’ ಎಂಬ ಹೊಸ ಡಬ್ಬಿ ಸೇರಿಸಿದಳು. ಸ್ಥಿತಿ ‘ಮೊಟ್ಟೆ’ ಆದರೆ ಬಣ್ಣ, ಆಹಾರ ಇರಬಾರದು, ‘ಶಾಖ’ ಇರಲೇಬೇಕು. ಜಾತಿ ಗೊತ್ತಿದ್ದರೆ ಬರೆಯಬಹುದು. ಸ್ಥಿತಿ ‘ಮರಿ’ ಆದರೆ ಬಣ್ಣ ಬೇಕು, ಜೊತೆಗೆ ತಾನು ಬಂದ ಮೊಟ್ಟೆಯ ದಾಖಲೆಯ ಸಂಖ್ಯೆಯೂ ಬೇಕು. ಅವಸರದಲ್ಲಿ ಒಂದು ಡಬ್ಬಿಯ ಮುಚ್ಚಳ ಹಾಕುವುದು ಮರೆತುಹೋಯಿತು. ಮತ್ತೆ ಕೆಂಪು. ಹುಡುಕಿದಳು, ಸಿಕ್ಕಿತು, ಮುಚ್ಚಿದಳು. ಗಡಿಯಾರದಲ್ಲಿ ಒಂಬತ್ತು ಐವತ್ತಾರು.

“ಇನ್ನೊಂದೇ ಬಾಕಿ” ಎಂದಳು. “ನೋಡಿಕೊಳ್ಳುವ ನೌಕರರ ಸಂಖ್ಯೆ. ಯಾರದು ಹಾಕಲಿ?”

ದೊಡ್ಡಮ್ಮ ತಿರುಗಿ ನೋಡಿದರು. ಬಿರುಕುಬಿಟ್ಟ ಮೊಟ್ಟೆಯನ್ನು ಅವರು ಆಗಲೇ ಮೇಲ್ವಿಚಾರಕರ ಅಂಗೈಯಲ್ಲಿ ಇಟ್ಟಿದ್ದರು, ಬೇಕೆಂದೇ. ಚಿಪ್ಪಿನ ಮೇಲ್ಭಾಗ ಟೋಪಿಯ ಹಾಗೆ ಕಳಚಿಕೊಂಡಿತ್ತು. ಒದ್ದೆ ಮುದ್ದೆಯಾದ ಬಾತುಕೋಳಿಯ ಮರಿಯೊಂದು ಹೊರಗೆ ಬಿದ್ದು, ಓಲಾಡುವ ಕುತ್ತಿಗೆ ಎತ್ತಿ, ಆ ಉದ್ದ ಮುಖವನ್ನು ನೋಡಿ “ಪೀ” ಎಂದಿತು.

“ಸಾಹೇಬರ ನಂಬರೇ ಹಾಕು” ಎಂದರು ದೊಡ್ಡಮ್ಮ. “ಅದು ಆಗಲೇ ಒಪ್ಪಿಕೊಂಡಿದೆ.”

ಮೇಲ್ವಿಚಾರಕರು ಏನೋ ಹೇಳಲು ಬಾಯಿ ತೆರೆದರು. ಮರಿ ಅವರ ಹೆಬ್ಬೆರಳಿಗೆ ತಲೆಯೊರಗಿಸಿತು. ಬಾಯಿ ಮುಚ್ಚಿಕೊಂಡು, ತಮ್ಮ ನೌಕರ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿದರು. ಯಂತ್ರ ಹಸಿರಾಯಿತು.

ಸಂಜೆಯ ಹೊತ್ತಿಗೆ ಮೂರು ಮರಿಗಳು ಹೊರಬಂದಿದ್ದವು. ಉಳಿದವು ಇನ್ನೂ ಬಡಿಯುತ್ತಿದ್ದವು. ಜವಾಬ್ದಾರಿ ತಮ್ಮ ಹೆಸರಿಗೆ ದಾಖಲಾಗಿತ್ತಲ್ಲ, ಮೇಲ್ವಿಚಾರಕರು ಪೆಟ್ಟಿಗೆಯನ್ನು ಮನೆಗೆ ಒಯ್ಯಲು ಎತ್ತಿಕೊಂಡರು. ಚೌಕಟ್ಟಮ್ಮ ಮೇಜಿನ ಮೇಲಿನ ಚಿಪ್ಪುಗಳನ್ನು ಗುಡಿಸಲು ಹೋದಾಗ ದೊಡ್ಡಮ್ಮ ಅವಳ ಕೈ ಹಿಡಿದರು.

“ಒಡೆದರೂ ಎಸೆಯಬಾರದು.”

“ಇದು ಚಿಪ್ಪು ದೊಡ್ಡಮ್ಮ!”

“ಏನಾದರೂ ಆಗಲಿ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಪಿಂಗಾಣಿ ಬಟ್ಟಲು ಬಂತು, ದಾರೀಲೇ ಒಡೆದು ಹನ್ನೆರಡು ಚೂರಾಗಿತ್ತು. ಇನ್ಯಾರು ಕೇಳ್ತಾರೆ ಅಂತ ಕಸಕ್ಕೆ ಹಾಕಿದೆ. ಮೂರನೇ ದಿನ ಒಬ್ಬಳು ಬಂದಳು. ಅವಳಮ್ಮನ ಬಟ್ಟಲಂತೆ. ಒಡೆದಿದೆ ಅಂದೆ. ಚೂರೇ ಕೊಡಿ ಅಂದಳು. ಅವಳಿಗೆ ಬರಿಗೈ ತೋರಿಸಿದ್ದು ಇನ್ನೂ ನೆನಪಿದೆ. ಆವತ್ತಿಂದ ಒಡೆದದ್ದನ್ನ ನಾನು ಎಸೆದವಳಲ್ಲ.”

“ಇದನ್ನ ನನಗೆ ಹೇಳಲೇ ಇಲ್ವಲ್ಲ ನೀವು.”

“ನೀನು ‘ರೆ’ ಮಾತ್ರ ಕೇಳ್ತಿದ್ದೆ. ಇದು ‘ರೂ’.”

ಚೌಕಟ್ಟಮ್ಮ ಅಂದೇ ಅದನ್ನು ಬರೆದಳು. ಯಾವ ವಿಧದ ಕೆಳಗೂ ಅದು ಹೊಂದಲಿಲ್ಲ. ಕೊನೆಗೆ ಎಲ್ಲ ಷರತ್ತುಗಳಿಗಿಂತ ಮೇಲೆ, ಎಲ್ಲ ವಸ್ತುಗಳಿಗೂ ಅನ್ವಯಿಸುವ ಜಾಗದಲ್ಲಿ ‘ಉಳಿದ ಭಾಗಗಳು’ ಎಂಬ ಡಬ್ಬಿಯನ್ನಿಟ್ಟಳು. ಮೇಲ್ವಿಚಾರಕರು ಮೂರು ಚಿಪ್ಪುಗಳನ್ನೂ ಒಂದು ಕಾಗದದ ಚೀಲಕ್ಕೆ ಹಾಕಿಕೊಂಡು, ಮುಂದಿನವನ್ನೂ ಅದರಲ್ಲೇ ಹಾಕುವುದಾಗಿ ಮಾತು ಕೊಟ್ಟು ಹೋದರು.

ಶುಕ್ರವಾರ ಹನ್ನೊಂದಕ್ಕೆ ದೊಡ್ಡ ಅಧಿಕಾರಿ ಬಂದರು. ಬೂದು ಕೂದಲಿನ, ಚುರುಕು ಕಣ್ಣಿನ ಹೆಂಗಸು. ಕೌಂಟರಿನಲ್ಲಿ ದೊಡ್ಡಮ್ಮ, ಚೌಕಟ್ಟಮ್ಮ ಇಬ್ಬರೂ ಎದ್ದು ನಿಂತರು. “ಮೇಲ್ವಿಚಾರಕರೆಲ್ಲಿ?” ಎಂದು ಅಧಿಕಾರಿ ಕೇಳುವುದಕ್ಕೂ ಮೆಟ್ಟಿಲ ಮೇಲೆ ಸದ್ದಾಗುವುದಕ್ಕೂ ಸರಿಹೋಯಿತು. ಮೇಲ್ವಿಚಾರಕರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿದು ಬಂದರು. ಅಂಗಿ ಮುದುಡಿತ್ತು. ತಲೆಗೂದಲಲ್ಲಿ ಒಂದು ಎಳೆ ಹಳದಿ ತುಪ್ಪುಳು. ಪೆಟ್ಟಿಗೆಯನ್ನು ನೆಲಕ್ಕಿಟ್ಟದ್ದೇ ತಡ, ಎಂಟು ಮರಿಗಳು ಉರುಳಿಕೊಂಡು ಹೊರಬಂದು ಅವರ ಬೂಟಿನ ಹಿಂದೆ ಸಾಲುಗಟ್ಟಿದವು. ಅವರು ಎರಡು ಹೆಜ್ಜೆ ಇಟ್ಟರೆ ಅವೂ ಇಟ್ಟವು. ನಿಂತರೆ ನಿಂತವು.

“ತಡವಾಯ್ತು, ಕ್ಷಮಿಸಿ” ಎಂದರು ಅವರು. “ಇವು ಟ್ಯಾಕ್ಸಿಯಿಂದ ಇಳಿಯೋಕೆ ಒಪ್ಪಲಿಲ್ಲ.”

ಅಧಿಕಾರಿ ಒಂದೊಂದಾಗಿ ಮರಿಗಳನ್ನು ಎಣಿಸಿದರು. “ಇದು ನಿಮ್ಮ ನಿಯಮದಲ್ಲಿ ಇದೆಯಾ?”

“ನಿನ್ನೆಯಿಂದ ಇದೆ” ಎಂದರು ದೊಡ್ಡಮ್ಮ.

ಆಗಲೇ ಇನ್ನೊಬ್ಬಳು ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಳು. ಬೆರಳಿಗೆಲ್ಲ ಬಣ್ಣದ ಸೀಮೆಸುಣ್ಣ ಮೆತ್ತಿಕೊಂಡ ಶಾಲೆಯ ಟೀಚರು. ಅಕ್ಕನ ಊರಿನಿಂದ ಮೊಟ್ಟೆ ತರುತ್ತಿದ್ದಳಂತೆ. ಆಗ ರೈಲಿನಲ್ಲಿ ಒಂದು ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಯ ಕಟ್ಟು, ಇನ್ನೊಂದರಲ್ಲಿ ಛತ್ರಿ ಇತ್ತಂತೆ. ಇಳಿಯುವ ಗಡಿಬಿಡಿಯಲ್ಲಿ ಎರಡನ್ನೂ ನೆನಪಿಟ್ಟು ಮುಖ್ಯವಾದದ್ದನ್ನೇ ಬಿಟ್ಟಿದ್ದಳು. ಪೆಟ್ಟಿಗೆ ರೈಲಿನಲ್ಲೇ ಮುಂದೆ ಹೋಗಿರಬೇಕೆಂದು ನಿನ್ನೆಯೆಲ್ಲ ಮಾರ್ಗದ ಆ ಕೊನೆಯ ನಿಲ್ದಾಣದಲ್ಲಿ ಹುಡುಕಿದ್ದಳು. ಇವತ್ತು ಬೆಳಿಗ್ಗೆ ಅಲ್ಲಿನವರು ಹೊಸ ಪಟ್ಟಿಯಲ್ಲಿ ‘ಜೀವಿ, ಮೊಟ್ಟೆ’ ಎಂದು ನೋಡಿ ಇಲ್ಲಿಗೆ ಕಳಿಸಿದ್ದರು.

“ನಮ್ಮ ಮೊಟ್ಟೆ...” ಎಂದು ಶುರು ಮಾಡಿದವಳು ನೆಲ ನೋಡಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣು ನಗುತ್ತಿತ್ತು.

ಮೇಲ್ವಿಚಾರಕರು ಬೆನ್ನು ನೆಟ್ಟಗೆ ಮಾಡಿಕೊಂಡರು. ಮರಿಗಳೂ ಎದೆಯುಬ್ಬಿಸಿದ ಹಾಗೆ ಕಂಡವು. “ನಿಮ್ಮದೇ ಅನ್ನೋದಕ್ಕೆ ಗುರುತು ಹೇಳಬೇಕು. ಬಾತುಮರಿ ಎಲ್ಲ ಒಂದೇ ಥರ ಇರ್ತವೆ.”

“ಗುರುತಾ? ಇತ್ತು. ರಜೆಗೆ ಮುಂಚೆ ಮಕ್ಕಳನ್ನ ಅಕ್ಕನ ತೋಟಕ್ಕೆ ಕರ್ಕೊಂಡು ಹೋಗಿದ್ದೆ. ಒಬ್ಬೊಬ್ಬರೂ ಒಂದೊಂದು ಮೊಟ್ಟೆ ಆರಿಸಿಕೊಂಡು ಚೂಪು ತುದೀಲಿ ಪೆನ್ಸಿಲಿನಲ್ಲಿ ಚಿತ್ರ ಬರೆದ್ರು. ಮೀನು, ಏಣಿ, ಬೀಗದ ಕೈ, ಮೀಸೆ... ಆದ್ರೆ ಈಗ ಒಡೆದುಹೋಗಿದೆಯಲ್ಲ” ಎಂದು ಅವಳ ದನಿ ಕುಗ್ಗಿತು.

ದೊಡ್ಡಮ್ಮ ಮೇಲ್ವಿಚಾರಕರ ಕಡೆ ಕೈ ಚಾಚಿದರು. ಅವರು ಪೆಟ್ಟಿಗೆಯ ಪಕ್ಕದಿಂದ ಕಾಗದದ ಚೀಲ ತೆಗೆದು ಕೊಟ್ಟರು. ಮರಿ ಮೊಟ್ಟೆಯ ಅಗಲ ತುದಿಯನ್ನು ಒಡೆದುಕೊಂಡು ಬರುತ್ತದೆ. ಚೂಪು ತುದಿಯ ಅರ್ಧ ಬಟ್ಟಲಿನಂತೆ ಇಡಿಯಾಗಿ ಉಳಿಯುತ್ತದೆ. ಎಂಟು ಬಟ್ಟಲುಗಳನ್ನು ದೊಡ್ಡಮ್ಮ ಕೌಂಟರಿನ ಮೇಲೆ ಬೋರಲು ಹಾಕಿದರು. ಮೀನು. ಏಣಿ. ಬೀಗದ ಕೈ. ಎರಡೂ ತುದಿ ಮೇಲಕ್ಕೆ ತಿರುಚಿದ, ಭಾರಿ ಜಂಬದ ಮೀಸೆ. ಗಾಳಿಪಟ, ಬೂಟು, ಕಣ್ಣು. ಕೊನೆಯದು ಏನೆಂದು ಯಾರಿಗೂ ತಿಳಿಯಲಿಲ್ಲ.

“ಅದು ಗುಡುಗು” ಎಂದಳು ಟೀಚರು.

“ಗುಡುಗನ್ನ ಬರೆಯೋಕೆ ಆಗುತ್ತಾ?” ಎಂದು ಅಧಿಕಾರಿ ಬಗ್ಗಿ ನೋಡಿದರು.

“ಬರೆದವನಿಗೆ ಆಗುತ್ತೆ.”

ಒಂಬತ್ತನೆಯದು ಪೆಟ್ಟಿಗೆಯಲ್ಲೇ ಉಳಿದಿತ್ತು, ಬಿರುಕಿಲ್ಲದೆ. ಟೀಚರು ಅದನ್ನು ತಿರುಗಿಸಿ ನೋಡಿದಳು. ಕೆಳಗೆ ಚಹಾದ ಕೆಟಲು. “ಇದು ನನ್ನದು” ಎಂದಳು. “ಸದ್ಯ, ಮಕ್ಕಳದ್ದಲ್ಲ.” ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು.

ಚೌಕಟ್ಟಮ್ಮ ಅಧಿಕಾರಿಯ ಎದುರಿಗೇ ದಾಖಲೆ ಮುಗಿಸಿದಳು. ಪೆಟ್ಟಿಗೆಯ ದಾಖಲೆಯ ಕೆಳಗೆ ಎಂಟು ಮರಿಗಳ ಎಂಟು ದಾಖಲೆ, ‘ಉಳಿದ ಭಾಗಗಳು’ ಎಂಬಲ್ಲಿ ಎಂಟು ಚಿತ್ರಗಳು. ಗುಂಡಿ ಒತ್ತಿದಳು. ಹಸಿರು.

“ಆಹಾರ ಅಂತ ಮೊದಲು ಬರೆದವರು ಯಾರು?” ಎಂದರು ಅಧಿಕಾರಿ, ಹಳೆಯ ಸಾಲನ್ನು ತೋರಿಸಿ.

“ನಾನೇ” ಎಂದಳು ಚೌಕಟ್ಟಮ್ಮ.

“ಅಳಿಸಿಬಿಡಬಹುದಿತ್ತು.”

“ಅಳಿಸಿದ್ರೆ ಮುಂದಿನವರೂ ಅದೇ ತಪ್ಪು ಮಾಡ್ತಾರೆ.”

ಅಧಿಕಾರಿ ತಲೆಯಾಡಿಸಿ, ಬಗ್ಗಿ ಒಂದು ಮರಿಯನ್ನು ಎತ್ತಿಕೊಳ್ಳಲು ನೋಡಿದರು. ಅದು ಅವರ ಕೈಗೆ ಸಿಗದೆ ಮೇಲ್ವಿಚಾರಕರ ಪ್ಯಾಂಟಿನ ಮಡಿಕೆಯೊಳಗೆ ತೂರಿಕೊಂಡಿತು. ಹೀಗೆಯೇ ಇನ್ನೊಂದು ತೊಡಕೂ ತಿಳಿಯಿತು. ಟೀಚರು ಕರೆದರೆ ಬರುವುದಿಲ್ಲ, ಪೆಟ್ಟಿಗೆಗೆ ಹಾಕಿ ಅವಳು ಎತ್ತಿದರೆ ಎಂಟೂ ಸೇರಿ ಕಚೇರಿ ಹಾರಿಹೋಗುವ ಹಾಗೆ ಕಿರುಚುತ್ತವೆ. ಕೊನೆಗೆ ಅಧಿಕಾರಿಯೇ ಹೇಳಿದರು: “ನೀವೇ ಬಿಟ್ಟು ಬನ್ನಿ. ಶಾಲೆ ಎಷ್ಟು ದೂರ?”

“ಎರಡು ಬೀದಿ” ಎಂದಳು ಟೀಚರು.

ಹೀಗೆ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಮೇಲ್ವಿಚಾರಕರು ಕಚೇರಿಯ ಸಮಯದಲ್ಲಿ ಹೊರಗೆ ಹೋದರು. ಮೆಟ್ಟಿಲು ಹತ್ತಿಸುವಾಗ ಎಂಟನ್ನೂ ಒಂದೊಂದಾಗಿ ಎತ್ತಿಟ್ಟರು. ಬೀದಿಗೆ ಬಂದ ಮೇಲೆ ಅವರು ಮುಂದೆ, ಮರಿಗಳು ಹಿಂದೆ, ಕೊನೆಗೆ ಖಾಲಿ ಪೆಟ್ಟಿಗೆ ಹಿಡಿದ ಟೀಚರು. ಚಮ್ಮಾರ ಹೊಲಿಗೆ ನಿಲ್ಲಿಸಿ ನೋಡಿದ. ದಾಟುವಲ್ಲಿ ಒಂದು ಬಸ್ಸು ನಿಂತು ದಾರಿ ಬಿಟ್ಟಿತು. ಅದರ ಚಾಲಕ ಯಾರೆಂದು ಚೌಕಟ್ಟಮ್ಮನಿಗೆ ಸಂಜೆ ಗೊತ್ತಾಯಿತು. “ನಿಮ್ಮ ಸಾಹೇಬ್ರು ನಗ್ತಾ ಇದ್ರು ಕಣೇ” ಎಂದ ಗಂಡ. ಅವಳು ನಂಬಲಿಲ್ಲ. ಅವನು ಪ್ರಯಾಣಿಕರ ಮೇಲೆ ಆಣೆ ಮಾಡಿದ.

ಮುಂದಿನ ವಾರ ಅಧಿಕಾರಿಯ ಪತ್ರ ಬಂತು. ಉಳಿದ ಇಪ್ಪತ್ತೊಂದು ಕಚೇರಿಗಳಿಗೂ ಹೋಗಿ, ಅಲ್ಲಿನವರ ಬಾಯಲ್ಲಿರುವ ನಿಯಮಗಳನ್ನೆಲ್ಲ ಕೇಳಿ ಚೌಕಟ್ಟಿಗೆ ಸೇರಿಸಬೇಕು. ಚೌಕಟ್ಟಮ್ಮ ಒಪ್ಪಿದಳು, ಒಂದು ಷರತ್ತಿನ ಮೇಲೆ: ದೊಡ್ಡಮ್ಮ ಜೊತೆಗೆ ಬಂದರೆ ಮಾತ್ರ. ನಿವೃತ್ತಿಯ ಮಾತು ಬಂದಾಗ ದೊಡ್ಡಮ್ಮ, “ಮನೇಲಿ ಕೂತು ಗೋಡೆ ಎಣಿಸೋದಕ್ಕಿಂತ ಇದೇ ವಾಸಿ” ಎಂದು ಮುಖ ಗಂಟಿಕ್ಕಿ ಹೇಳಿದರು. ಮರುದಿನವೇ ಹೊಸ ಚಪ್ಪಲಿ ಕೊಂಡಿದ್ದರು.

ಮೇಲ್ವಿಚಾರಕರು ಪ್ರತಿ ಶನಿವಾರ ಮಧ್ಯಾಹ್ನ ಶಾಲೆಗೆ ಹೋಗತೊಡಗಿದರು. ಗೇಟಿನಲ್ಲಿ ಅವರ ಬೂಟಿನ ಸದ್ದು ಕೇಳಿದರೆ ಸಾಕು, ಎಂಟು ಬಾತುಗಳೂ ತೊಟ್ಟಿಯಿಂದ ಎದ್ದು ಓಡಿಬರುತ್ತಿದ್ದವು. ಗುಡುಗು ಬರೆದ ಹುಡುಗನ ಬಾತು ಎಲ್ಲಕ್ಕಿಂತ ಮೆತ್ತಗಿನದು ಎಂದು ಅವರು ಸೋಮವಾರ ಚಹಾದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು.

ಚೌಕಟ್ಟಮ್ಮ, ದೊಡ್ಡಮ್ಮ ಇಬ್ಬರ ಮೊದಲ ಪ್ರಯಾಣ ಮಾರ್ಗದ ಕೊನೆಯ ನಿಲ್ದಾಣಕ್ಕೆ, ಬಂದರಿನ ಪಕ್ಕದ ಕಚೇರಿಗೆ. ರೈಲು ಊರು ದಾಟುತ್ತಿದ್ದ ಹಾಗೆ ದೊಡ್ಡಮ್ಮ ಕಾಲು ಮಡಚಿ ಕೂತು, ಅಲ್ಲಿನವರು ಕಳಿಸಿದ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು.

“ಮೊದಲನೇದೇ ದೋಣಿ. ಹಗ್ಗ ಕಳಚಿ ತಾನೇ ತೇಲಿಕೊಂಡು ಬಂತಂತೆ. ಇದು ವಸ್ತುನಾ, ವಾಹನಾನಾ?”

“ವಾಹನ” ಎಂದಳು ಚೌಕಟ್ಟಮ್ಮ. “ವಾಹನ ಆದ್ರೆ ನೋಂದಣಿ ಸಂಖ್ಯೆ ಬೇಕು.”

“ಒಳಗೆ ಕೋಳಿ ಸಾಕಿದ್ರೆ?”

“ಕೋಳಿ ಯಾಕೆ ಸಾಕ್ತಾರೆ ದೋಣೀಲಿ?”

“ಸಾಕಿದ್ರೆ ಅಂದೆ.”

ಚೌಕಟ್ಟಮ್ಮ ಪುಸ್ತಕ ತೆರೆದಳು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಅವರಿಬ್ಬರ ವಾದಕ್ಕೆ ಎದುರಿನ ಸೀಟಿನವರೂ ಸೇರಿಕೊಂಡಿದ್ದರು.